ಹಸಿರು ಕಾಯಿಗೆ ಮಾಫಿಯಿಲ್ಲ

ತೋಟದ ಲೆಕ್ಕ ಬರೆಯುವ ರೈಟರ್ ಸೋಮಯ್ಯ ಈರಮ್ಮನ ಚೀಲವನ್ನು ಟಾರ್ಪಾಲಿನ ಮೇಲೆ ಸುರಿದದ್ದೇ ತಡ, ತೂಕಕ್ಕೆ ನಿಂತಿದ್ದ ಆಳುಗಳೆಲ್ಲ ಕತ್ತು ಚಾಚಿದರು. ಕೆಂಪು ಕಾಫಿ ಹಣ್ಣಿನ ನಡುವೆ ಹಸಿರು ಕಾಯಿ! ಒಂದೆರಡಲ್ಲ, ಬೊಗಸೆಗಟ್ಟಲೆ. ಅದೂ ಹೊಸ ಮ್ಯಾನೇಜರ್ ಧರ್ಮನ ಬೂಟಿನ ಬುಡದಲ್ಲೇ.

ಆನೇಮಹಲ್ ಪಕ್ಕದ ಈ ಎಸ್ಟೇಟಿನಲ್ಲಿ ಈರಮ್ಮನ ಚೀಲವನ್ನು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಗಿಡಕ್ಕೆ ಕೈ ಹಾಕಿದರೂ ಅವಳಿಗೆ ಹಣ್ಣೇ ಸಿಗುತ್ತದೆ ಎಂದು ಹೊಸಬರಿಗೆ ತೋರಿಸಿ ಹೇಳುತ್ತಿದ್ದರು. ಇವತ್ತು ಸೋಮಯ್ಯನಿಗೆ ಅದೇನು ಬುದ್ಧಿ ಬಂತೋ, ಉಳಿದವರ ಚೀಲ ಬಿಟ್ಟು ಅವಳದ್ದನ್ನೇ ಸುರಿದಿದ್ದ.

ಧರ್ಮನಿಗೆ ಫಜೀತಿಯಾಯಿತು. ಬಂದ ವಾರವೇ ಸ್ಟೋರಿನ ಗೋಡೆಗೆ ಬೋರ್ಡು ಹೊಡೆಸಿದ್ದ ಪುಣ್ಯಾತ್ಮ ಅವನು. ಹಸಿರು ಕಾಯಿ ಕಿತ್ತವರು ಮರುದಿನ ಬೆಳಿಗ್ಗೆಯೇ ಯಸಳೂರಿನ ಆಚೆಗಿರುವ ಮಾಲೀಕರ ಇನ್ನೊಂದು ತೋಟಕ್ಕೆ ಹೊರಡಬೇಕು. ಕೊಯ್ಲು ಮುಗಿಯುವ ತನಕ ಅಲ್ಲೇ ಇರಬೇಕು. ಇನ್ನು ರಜೆ? ಮದುವೆಯಿರಲಿ, ತಿಥಿಯಿರಲಿ, ಹಲ್ಲುನೋವಿರಲಿ, ಕೊಯ್ಲು ಮುಗಿಯದೆ ರಜೆಯಿಲ್ಲ. ಯಾರೇ ಆಗಲಿ, ವಿನಾಯಿತಿ ಇಲ್ಲ. ರಜೆ ಕೇಳಲು ಆಫೀಸಿನ ಬಾಗಿಲಿಗೆ ಹೋದವರು ಬಾಯಿ ತೆರೆಯುವ ಮೊದಲೇ ಧರ್ಮ ಬೋರ್ಡಿನ ಕಡೆ ಬೆರಳು ತೋರಿಸುತ್ತಿದ್ದ. ಹೋದ ವಾರ ಈರಮ್ಮನಿಗೂ ಆ ಬೋರ್ಡಿನ ದರ್ಶನವಾಗಿತ್ತು.

ಯಸಳೂರು ಕಡೆಯ ತೋಟ ಎಂದರೆ ಆಳುಗಳಿಗೆ ಜ್ವರ ಬರುತ್ತಿತ್ತು. ಆನೆ ಕಾಟ, ಕೊರೆಯುವ ಚಳಿ, ಆಳುಗಳಿಗೆಂದು ಸಾಲಾಗಿ ಕಟ್ಟಿದ ಮುರುಕು ಲೈನ್ ಮನೆಗಳು. ಹಿಡಿ ಉಪ್ಪು ಬೇಕೆಂದರೂ ದೂರ ನಡೆಯಬೇಕು. ಹೋದ ತಿಂಗಳು ಸಿಕ್ಕಿಬಿದ್ದ ಕುಳ್ಳಯ್ಯ ಗಂಡಸಾಗಿಯೂ ಅಳುತ್ತ ಬಸ್ಸು ಹತ್ತಿದ್ದ. ಈ ವಯಸ್ಸಿನಲ್ಲಿ ಈರಮ್ಮನನ್ನು ಅಲ್ಲಿಗೆ ಅಟ್ಟುವುದೇ? ಈ ಲೈನಿಗೇ ಸೊಸೆಯಾಗಿ ಬಂದವಳು, ಇಲ್ಲೇ ಗಂಡನನ್ನು ಕಳೆದುಕೊಂಡವಳು, ಇಲ್ಲೇ ಒಬ್ಬಳೇ ಮಗಳನ್ನು ಸಾಕಿ ಧಾರೆ ಎರೆದುಕೊಟ್ಟವಳು.

ಪಕ್ಕದ ಮನೆಯ ಚಂದ್ರಿಕಾ ಮುಂದೆ ಬಂದು ಅವಳ ಪರವಾಗಿ ಬೇಡಿಕೊಂಡಳು. ವಯಸ್ಸಾಯಿತು, ಕಣ್ಣಿಗೆ ಪೊರೆ ಬಂದಿರಬೇಕು, ಹಸಿರು ಯಾವುದು ಕೆಂಪು ಯಾವುದು ಎಂದು ಕಾಣದೆ ಕಿತ್ತಿದ್ದಾಳೆ ಎಂದಳು. ಧರ್ಮನ ಮನಸ್ಸು ಕರಗಿತು. ಎಷ್ಟಾದರೂ ಅವನೂ ತಾಯಿ ಹೆತ್ತ ಮಗನೇ. ದನಿ ತಗ್ಗಿಸಿ, ಇದೊಂದು ಸಲ ಬಿಟ್ಟುಬಿಡೋಣ ಎಂದ.

ಎಲ್ಲರೂ ಉಸಿರು ಬಿಟ್ಟರು. ಈರಮ್ಮ ಮಾತ್ರ ಹೌಹಾರಿದಳು.

"ಬ್ಯಾಡಿ ಸಾರ್," ಎಂದಳು. "ಕುಳ್ಳಯ್ಯನ್ನ ಕಳಿಸಿ ನನ್ನ ಬುಟ್ರೆ ಆವಯ್ಯ ಏನಂದ್ಕತಾನೆ? ರೂಲ್ ಅಂದ್ಮೇಲೆ ಎಲ್ರಿಗೂ ಒಂದೇಯ."

ಧರ್ಮ ದಿಕ್ಕು ತೋಚದೆ ಸೋಮಯ್ಯನ ಮುಖ ನೋಡಿದ.

"ಈರಮ್ಮ ಹೇಳಾದು ನ್ಯಾಯವಾಗೈತೆ ಸಾರ್," ಎಂದ ಸೋಮಯ್ಯ, ಮುಖದ ಒಂದು ಗೆರೆಯನ್ನೂ ಅಲುಗಿಸದೆ. "ಇವತ್ತು ಬುಟ್ರೆ ನಾಳೆ ಆ ಬೋರ್ಡ್ ಒಡ್ದು ಸೌದೆ ಮಾಡ್ಕಬೇಕಾಯ್ತದೆ."

ಚಂದ್ರಿಕಾ ಅವನನ್ನು ತಿನ್ನುವಂತೆ ನೋಡಿದಳು. ಇಷ್ಟು ವರ್ಷ ಒಂದೇ ಲೈನಿನ ನೀರು ಕುಡಿದು, ಒಳ್ಳೆಯ ಮಾತೊಂದನ್ನು ಆಡಲು ಈ ರೈಟರ್‌ಗೆ ನಾಲಿಗೆ ಬರಲಿಲ್ಲವಲ್ಲ ಎಂದು ಅವಳಿಗೆ ಹೊಟ್ಟೆ ಉರಿಯಿತು. ಧರ್ಮನಿಗೋ ಕಣ್ಣು ತೇವವಾಯಿತು. ಇಂಥ ನಿಯತ್ತಿನ ಹೆಂಗಸನ್ನು ಬಸ್ಸಿನಲ್ಲಿ ಕಳಿಸುವುದು ಬೇಡ, ಎಸ್ಟೇಟ್ ಜೀಪಿನಲ್ಲೇ ಬಿಟ್ಟು ಬಾ ಎಂದು ಡ್ರೈವರ್ ಹುಸೇನನಿಗೆ ಹೇಳಿ, ತಿರುಗಿ ನೋಡದೆ ಬಂಗಲೆಯ ಕಡೆ ನಡೆದ.

ಬೆಳಿಗ್ಗೆ ಜೀಪಿನ ಸುತ್ತ ಇಡೀ ಲೈನು ಸೇರಿತ್ತು. ಈರಮ್ಮನ ಗಂಟಿನಲ್ಲಿ ಒಗೆದೊಗೆದು ಮೆತ್ತಗಾದ ಹಳೇ ಹತ್ತಿ ಸೀರೆಗಳು, ಒಂದಿಷ್ಟು ಬೆಳ್ಳುಳ್ಳಿ, ಬೆಲ್ಲ. ಉಡಲು ನೆಟ್ಟಗಿನ ಸೀರೆಯೂ ಇಲ್ಲದೆ ಹೊರಟಳಲ್ಲ ಎಂದು ಚಂದ್ರಿಕಾ ಕಣ್ಣೊರೆಸಿಕೊಂಡಳು. ಸೋಮಯ್ಯನ ಹೆಂಡತಿ ಬಾಟಲಿ ತುಂಬ ತುಪ್ಪ ತಂದುಕೊಟ್ಟಳು. ಗಂಡ ಮಾಡಿದ ಪಾಪಕ್ಕೆ ಹೆಂಡತಿ ಪ್ರಾಯಶ್ಚಿತ್ತ ಮಾಡುತ್ತಿದ್ದಾಳೆ ಎಂದು ಹೆಂಗಸರು ಪಿಸುಗುಟ್ಟಿದರು. ಈರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೀಪು ಹತ್ತಿದಳು. ಅವಳ ಹೆಗಲು ಕುಲುಕುತ್ತಿತ್ತು. ಅದನ್ನು ನೋಡಿ ಉಳಿದವರೂ ಅತ್ತರು.

ಯಸಳೂರು ದಾಟಿ, ಮಣ್ಣು ರಸ್ತೆಯಲ್ಲಿ ಕುಲುಕಾಡಿ, ಜೀಪು ಆ ತೋಟದ ಲೈನಿನ ಮುಂದೆ ನಿಂತಿತು. ಮೊದಲನೇ ಮನೆಯಿಂದ ದಿನ ತುಂಬಿದ ಬಸುರಿಯೊಬ್ಬಳು ಸೊಂಟಕ್ಕೆ ಕೈಕೊಟ್ಟುಕೊಂಡು ಹೊರಗೆ ಬಂದಳು. ಬಸ್ಸು ಜೀಪು ಹತ್ತಲೇಬಾರದು ಎಂದು ಡಾಕ್ಟರಮ್ಮ ಹೇಳಿದ್ದರಿಂದ, ತವರಿಗೆ ಬರಲಾಗದೆ ದಾರಿ ಕಾಯುತ್ತ ಕುಳಿತಿದ್ದವಳು, ಗಂಡನ ಕೆಲಸಕ್ಕೆಂದು ಈಚೆಗಷ್ಟೇ ಈ ತೋಟಕ್ಕೆ ಬಂದಿದ್ದ ಮಗಳು ಮಾನಸಾ. ಅವ್ವನನ್ನು ಕಂಡು ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ರಜಾ ಕೊಟ್ಬುಟ್ರಾ ಅವ್ವ?"

ಈರಮ್ಮ ತುಪ್ಪದ ಬಾಟಲಿಯನ್ನು ಮಗಳ ಕೈಗಿಟ್ಟಳು. "ಎಲ್ಲಿ ಕೊಡ್ತಾರೆ ಕಣವ್ವ," ಎಂದಳು. "ಶಿಕ್ಷೆ ಕೊಟ್ರು."