ಸೀರೆಯಲ್ಲಿ ಉಳಿದ ಮಾತು

ಬಟ್ಟೆ ಒಗೆದಾಗ ಕೊಳೆಯ ಜೊತೆಗೆ, ಅದನ್ನು ಉಟ್ಟು ಆಡಿದ ಮಾತೂ ನೀರಿಗಿಳಿದು ಕೇಳಿಸುತ್ತದೆ. ಹುಬ್ಬಳ್ಳಿಯ ನೀಲಾಂಬಿಕೆಯ ವಾಷಿಂಗ್ ಮಷೀನು ಮೂರು ದಿನದಿಂದ ಸೋರಿ, ಕೆಳಗಿನ ಮನೆಯ ಗಂಗಕ್ಕನ ಬಚ್ಚಲಿಗೆ ತೊಟ್ಟಿಕ್ಕುತ್ತಿತ್ತು.

“ಲಗೂನ ನೋಡಪಾ ಮೌಲಾಲಿ. ಗಂಗಕ್ಕನ ಹೋಳಿಗಿ ಚಪ್ಪಲಿ ಹಂಗದಾವು ಅಂತ ಮಷೀನದಾಗಿನ ಈ ಸೀರಿ ಉಟ್ಟಾಗನ ಅಂದೀನಿ.”

ಮೆಕ್ಯಾನಿಕ್ ಮೌಲಾಲಿ ಪೈಪುಗಳನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಮಷೀನು ಚಾಲೂ ಮಾಡಿ ಕಿವಿಗೊಟ್ಟ. ಹಿಂದಿನ ಪೈಪಿನ ಬುಡ ‘ಚಪ್ಪಲಿ, ಚಪ್ಪಲಿ’ ಎಂದಿತು.

“ಕ್ಲಿಪ್ ಸಡಿಲ ಆಗೇದ್ರಿ ಅಕ್ಕಾರ,” ಎಂದು ಅವನು ಸ್ಕ್ರೂಡ್ರೈವರ್ ತೆಗೆದ.

ಅಷ್ಟರಲ್ಲಿ ಗಂಗಕ್ಕ ಬಿಸಿ ಹೋಳಿಗೆಯ ತಾಟು ಹಿಡಿದು ಬಾಗಿಲಿಗೆ ಬಂದಳು. ನೀಲಾಂಬಿಕೆಯ ಮುಖ ಕೆಂಪಾಯಿತು.

“ಈ ಸಲ ಮೆತ್ತಗ ಮಾಡೀನಿ, ತಿಂದು ನೋಡವಾ,” ಎಂದ ಗಂಗಕ್ಕ ಮೌಲಾಲಿಯತ್ತ ತಿರುಗಿದಳು. “ತಮ್ಮಾ, ಕ್ಲಿಪ್ ನಾಡಿದ್ದ ಬಿಗಿ ಮಾಡು. ಇಕಿ ಏನಂತಾಳ ಅಂತ ನಾ ಕೇಳಬೇಕು.”