ಲೋಲಕದ ಹಿಂದಿನ ಸೀಸೆ

ಊರಿನ ಗಡಿಯಾರಗಳನ್ನೆಲ್ಲ ನಡೆಸುವ ರಿಪೇರಿಯವನ ಮನೆಯ ಗಡಿಯಾರವೇ ನಿಂತುಹೋಗಿತ್ತು. ಹೆಂಡತಿ ಅದರ ಗಾಜಿನ ಬಾಗಿಲನ್ನು ತೆರೆದು ನೋಡಿದಳು. ಲೋಲಕಕ್ಕೆ ಅಡ್ಡವಾಗಿ ಸೀಸೆಯೊಂದು ಉರುಳಿತ್ತು. ಅದರೊಳಗೆ ಜೇನಿನ ವರ್ಣದ ಗುಳಿಗೆಗಳು ಸುಖವಾಗಿ ಮಲಗಿದ್ದವು.

ಅಷ್ಟರಲ್ಲಿ ಗಂಡ ಅಂಗಡಿಯಿಂದ ಬಂದ. ಬೆರಳಿಗೆ ಸುತ್ತಿದ್ದ ಬಟ್ಟೆ ಕೆಂಪಾಗಿತ್ತು. "ಬೆಳಿಗ್ಗೆ ಗಾಜು ತಗುಲಿದ್ದು, ರಕ್ತ ಇನ್ನೂ ನಿಂತಿಲ್ಲ ಕಣೇ..." ಎನ್ನುತ್ತಿದ್ದವನು ಅವಳ ಕೈಯಲ್ಲಿದ್ದ ಸೀಸೆಯನ್ನು ಕಂಡು ಗಡಿಯಾರದತ್ತ ಮುಖ ತಿರುಗಿಸಿದ. "ನಡೀರಿ, ಡಾಕ್ಟ್ರ ಹತ್ರ," ಎಂದು ಅವಳು ಸೀಸೆ ಹಿಡಿದೇ ಚಪ್ಪಲಿ ಮೆಟ್ಟಿದಳು.

ಅವನ ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟಿದ್ದ ವೈದ್ಯರು, ಗಾಯವನ್ನು ಒತ್ತಿ ಕಟ್ಟುತ್ತ ಕೇಳಿದರು: "ನಾನು ಕೊಟ್ಟದ್ದು ಬಿಟ್ಟು ಬೇರೆ ಏನಾದ್ರೂ ತಗೋತಿದ್ದೀರಾ?"

"ಏನೂ ಇಲ್ಲ ಡಾಕ್ಟ್ರೇ."

ಹೆಂಡತಿ ಸೀಸೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅದು ಔಷಧಿ ಅಲ್ಲ, ವಿಟಮಿನ್ ಇ," ಎಂದು ಅವನು ತಡವರಿಸಿದ. "ಮೈ ತುಕ್ಕು ಹಿಡಿಯದ ಹಾಗೆ ಕಾಯುತ್ತಂತೆ. ತುಕ್ಕಿನ ವಿಚಾರ ನನಗೆ ಗೊತ್ತಿಲ್ವಾ? ಬೆಳಿಗ್ಗೆ ಎರಡು, ರಾತ್ರಿ ಎರಡು. ಕೈ ನಡುಗಿದ ದಿನ ಇನ್ನೊಂದು."

"ಊಟದಲ್ಲಿ ಬರೋದೇ ಸಾಮಾನ್ಯವಾಗಿ ಸಾಕು ಮಹರಾಯರೇ. ಕೊರತೆ ಇದ್ದೋರಿಗೆ ಇದು ಬೇಕಾಗುತ್ತೆ. ನನ್ನ ಮಾತ್ರೆ ಜೊತೆ ನೀವು ಇಷ್ಟೊಂದು ನುಂಗಿದ್ರೆ ರಕ್ತಕ್ಕೆ ನಿಲ್ಲೋದೇ ಮರೆತುಹೋಗುತ್ತೆ. ಇವತ್ತು ಬೆರಳಲ್ಲಿ ಸುರೀತು. ನಾಳೆ ತಲೆಯೊಳಗೆ ಸುರಿದ್ರೆ ಎಲ್ಲಿ ಬಟ್ಟೆ ಕಟ್ಟಲಿ?" ವೈದ್ಯರು ಕನ್ನಡಕ ತೆಗೆದರು. "ಇರಲಿ, ನನ್ನ ಗೋಡೆ ಗಡಿಯಾರಕ್ಕೆ ನಾನೇ ಎಣ್ಣೆ ಸುರಿದಾಗ ನೀವು ಏನಂದಿರಿ?"

ಅವನು ನೆಲ ನೋಡಿದ. "ಸೂಜಿ ಮೊನೆಯಷ್ಟು ಸಾಕು, ಹೆಚ್ಚಾದ್ರೆ ಧೂಳು ಅಂಟಿ ಯಂತ್ರ ನಿಲ್ಲುತ್ತೆ ಅಂತ."

"ಅಷ್ಟೇನಾ?"

"ಓದಿದೋರಿಗೆ ಇಷ್ಟೂ ತಿಳಿಯಲ್ವಾ ಅಂತಲೂ ಅಂದಿದ್ದೆ."

ರಕ್ತವನ್ನು ಪರೀಕ್ಷೆಗೆ ಕೊಟ್ಟು, ಸೀಸೆಯನ್ನು ವೈದ್ಯರ ಮೇಜಿನ ಮೇಲೆಯೇ ಬಿಟ್ಟು ಇಬ್ಬರೂ ಮನೆಗೆ ಮರಳಿದರು. ಅವನು ಗಡಿಯಾರದ ಮುಂದೆ ನಿಂತು, ಗಾಯವಿಲ್ಲದ ಬೆರಳಿನಿಂದ ಲೋಲಕವನ್ನು ಮೆಲ್ಲನೆ ತೂಗಿದ. ಟಿಕ್ ಟಿಕ್ ಸದ್ದು ಕೇಳುತ್ತಲೇ ಮುಖ ಅರಳಿತು. "ನೋಡಿದ್ಯಾ! ಯಂತ್ರಕ್ಕೇನೂ ಆಗಿಲ್ಲ."

"ಆಗಿದ್ರೂ ಬಿಚ್ಚಿ ಜೋಡಿಸೋಕೆ ನೀವಿದ್ದೀರಲ್ಲ," ಎಂದಳು ಹೆಂಡತಿ, ಅವನ ಬೆರಳಿನ ಕಟ್ಟನ್ನೇ ನೋಡುತ್ತ. "ನಿಮ್ಮನ್ನ ಬಿಚ್ಚಿ ಜೋಡಿಸೋಕೆ ನನಗೆ ಬರಲ್ಲ ರೀ."