ಕರಿಹಲಗೆಗೆ ಬಂದ ಉತ್ತರ

ಜ್ವರದ ಎರಡನೆಯ ವರ್ಷ ಮಕ್ಕಳ್ಯಾರೂ ಹೊಸಿಲು ದಾಟುವಂತಿರಲಿಲ್ಲ. ಶಾಲೆಯ ಕರಿಹಲಗೆಯ ಮೇಲೆ ಬರೆದದ್ದು ಊರಿನ ಪ್ರತಿ ಮನೆಯ ಗೋಡೆಯಲ್ಲೂ ಮೂಡುತ್ತಿತ್ತು. ಗೋಡೆಯ ಮೇಲೆ ಬರೆದದ್ದು ಹಲಗೆಯಲ್ಲಿ ಮೂಡುತ್ತಿತ್ತು. ಸಂಜೆ ಹಲಗೆ ಒರೆಸುವುದು ಶಾಲೆಯ ಆಯಾ ನೀಲವ್ವನ ಕೆಲಸ. ಒರೆಸುತ್ತ ಒರೆಸುತ್ತಲೇ ಅವಳಿಗೆ ಓದಲು ಬರುವಷ್ಟು ಅಕ್ಷರ ಕೂಡಿಬಂದಿದ್ದವು.

ದಿನಾ ಒಬ್ಬರೇ ಬಂದು ಪಾಠ ಬರೆಯುತ್ತಿದ್ದ ಇಂದುಮತಿ ಟೀಚರಿಗೂ ಜ್ವರ ಬಂತು. ಅವರ ಓಣಿಗೆ ಬೇಲಿ ಬಿತ್ತು. ಮೂರು ದಿನ ಸುದ್ದಿಯೇ ಇಲ್ಲ. ಹಲಗೆಯ ತುಂಬ ಮಕ್ಕಳದೇ ಪ್ರಶ್ನೆ: ‘ಅಕ್ಕೋರು ಎಲ್ಲಿ ಅದಾರ?’

ನಾಲ್ಕನೆಯ ಬೆಳಿಗ್ಗೆ ನೀಲವ್ವ ಜೀವಮಾನದಲ್ಲಿ ಮೊದಲ ಸಲ ಸೀಮೆಸುಣ್ಣ ಹಿಡಿದಳು. “ನಕ್ರ ನಗಲಿ” ಎಂದುಕೊಂಡು ಬರೆದಳು: ‘ಅಕ್ಕೋರ, ಆರಾಮ ಅದೀರೇನು? ನಾ ನೀಲವ.’

ಮಕ್ಕಳ ಬರಹವೆಲ್ಲ ಒಮ್ಮೆಲೇ ನಿಂತುಹೋಯಿತು. ಬಹಳ ಹೊತ್ತಿನ ಮೇಲೆ ಅವಳ ಹೆಸರಿನ ಕೊನೆಯ ಅಕ್ಷರದ ಕೆಳಗೆ ನಡುಗುವ ಗೆರೆಯೊಂದು ಹುಟ್ಟಿ, ಮೆಲ್ಲಗೆ ಬಾಗಿ, ಬಿಟ್ಟುಹೋಗಿದ್ದ ಒತ್ತಕ್ಷರವಾಯಿತು.

ಆ ಕೈಬರಹ ನೀಲವ್ವನಿಗೆ ಗೊತ್ತಿತ್ತು.

“ಅಕ್ಕೋರು ಅದಾರ! ನನ್ನ ತಪ್ಪು ತಿದ್ಯಾರ!” ಎಂದು ಅವಳು ಖಾಲಿ ಬೆಂಚುಗಳಿಗೇ ಕೂಗಿ ಹೇಳಿದಳು. ಅಷ್ಟರಲ್ಲಾಗಲೇ ಊರಿನ ಮಕ್ಕಳೆಲ್ಲ, ಹಲಗೆಯಲ್ಲಿ ಜಾಗ ಸಾಲದೆ ಒಬ್ಬರ ಮೇಲೊಬ್ಬರು, ‘ನೀಲವ್ವ’ ಎಂದು ತಪ್ಪಿಲ್ಲದೆ ಬರೆಯತೊಡಗಿದ್ದರು.